ಹೋಲ್ಗರನ ಹೊಟ್ಟೆನೋವು

ವಾಲ್ಬೋರ್ಗ್‌ಗೆ ತಾಯಿ ಬಿಟ್ಟುಹೋದದ್ದು ಹೊಲವಲ್ಲ, ಒಡವೆಯಲ್ಲ, ಒಂದು ಹುಳಿಗೊಜ್ಜು. ಹಂದಿಯ ಚಾಪ್ಸನ್ನು ಬಡಿದು, ಮೊಟ್ಟೆಯಲ್ಲಿ ಅದ್ದಿ, ಒಣ ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ, ಬೆಣ್ಣೆಯಲ್ಲಿ ಕೆಂಪಗೆ ಹುರಿದು ತೆಗೆಯಬೇಕು. ಬಾಣಲೆಯ ತಳದಲ್ಲಿ ಉಳಿದದ್ದಕ್ಕೆ ಸೌತೆ ಉಪ್ಪಿನಕಾಯಿಯ ರಸ, ವಿನೆಗರ್, ಚಿಟಿಕೆ ಸಕ್ಕರೆ ಹಾಕಿ ಕುದಿಸಬೇಕು. ಡೆನ್ಮಾರ್ಕಿನ ಉತ್ತರದ ತುದಿಯ ನಮ್ಮೂರಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಆದರೆ ಆ ಮುದುಕಿಯ ಗೊಜ್ಜಿನ ರುಚಿ ಮಗಳ ಕೈಗೆ ಬಿಟ್ಟರೆ ಇನ್ನಾರ ಕೈಗೂ ಬರಲಿಲ್ಲ.

ಮಗಳೋ, ಮದುವೆಯಾದ ವರ್ಷವೇ ಅದನ್ನು ಬಿಟ್ಟುಬಿಟ್ಟಳು. ಗಂಡ ಹೋಲ್ಗರನಿಗೆ ಹುಳಿ ಆಗದಂತೆ. ತಿಂದರೆ ಹೊಟ್ಟೆ ಹಿಂಡುತ್ತದಂತೆ. ಅವತ್ತಿನಿಂದ ಆ ಮನೆಯಲ್ಲಿ ಹಾಲು ಹಿಟ್ಟು ಕಲಸಿದ ಬಿಳಿ ಗೊಜ್ಜೇ ಗತಿ. ಊರಿನ ಊಟಗಳಿಗೆ ಹೋಗುವಾಗಲೂ ಅವಳು ಗಂಡನ ಪಾಲಿನ ಬಿಳಿ ಗೊಜ್ಜನ್ನು ಒಂದು ಪುಟ್ಟ ಹೂಜಿಯಲ್ಲಿ ಒಯ್ಯುತ್ತಿದ್ದಳು. ಪಕ್ಕದ ಮನೆಯವಳಾದ ನನಗೆ ನೋಡಿ ನೋಡಿ ಸಾಕಾಗಿತ್ತು.

"ಅವನಿಗೆ ಬಿಳೀದು ಮಾಡು, ನಿನಗೆ ಹುಳೀದು ಮಾಡ್ಕೋ. ಮನೇಲಿ ಎರಡು ಬಾಣಲೆ ಇಲ್ವೇನೇ?" ಎಂದು ನಾನು ರೇಗಿಸುತ್ತಿದ್ದೆ.

"ಘಮಕ್ಕೆ ಅವನಿಗೆ ಆಸೆ ಆಗುತ್ತೆ ಕಣೇ," ಅನ್ನುತ್ತಿದ್ದಳು. "ಪಾಪ, ತಿನ್ನೋಕಾಗದವನ ಎದುರು ಕೂತ್ಕೊಂಡು ನಾನು ಹೇಗೆ ತಿನ್ನಲಿ?"

ಆ ವರ್ಷ ಸುಗ್ಗಿ ಮುಗಿದ ಭಾನುವಾರ ಊರಿನ ಸಭಾಮನೆಯಲ್ಲಿ ಮಧ್ಯಾಹ್ನದ ಊಟವಿತ್ತು. ನಮ್ಮ ಸಾಲಿಗೆ ಬಡಿಸುವ ಸರದಿ ಚರ್ಚಿನ ಹಿಂದಿನ ಮನೆಯ ವಿಧವೆ ತೂರಾಳದು. ವಾಲ್ಬೋರ್ಗ್ ಹೂಜಿ ಬಿಸಿಮಾಡಿಕೊಂಡು ಬರಲು ಅಡುಗೆಮನೆಗೆ ಹೋಗಿದ್ದಳು. ಹೋಲ್ಗರನ ಹೊಟ್ಟೆಗೆ ಆಗಲೇ ಎರಡು ಸುತ್ತು ಮದ್ಯ ಇಳಿದಿತ್ತು. ತೂರಾ ಬಂದಳು. ಕೈಗೆ ಸಿಕ್ಕಿದ್ದನ್ನು ನನಗೆ ಹಾಕಿದಳು, ಪಕ್ಕದವನಿಗೂ ಹಾಗೆಯೇ. ಹೋಲ್ಗರನ ಹತ್ತಿರ ಬಂದಾಗ ಅವಳ ಕೈ ನಿಂತಿತು. ಬಡಿಸುವ ತಟ್ಟೆಯಲ್ಲಿ ಹುಡುಕಿ, ಕೊಬ್ಬಿನಂಚು ದಪ್ಪಗಿದ್ದ ಚಾಪನ್ನು ಆರಿಸಿ ಹಾಕಿದಳು. ಎಡಚನಾದ ಅವನಿಗೆ ಕೊಯ್ಯಲು ಅನುಕೂಲವಾಗುವಂತೆ ಮೂಳೆಯನ್ನು ಆ ಕಡೆಗೆ ತಿರುಗಿಸಿದಳು. ಹುಳಿಗೊಜ್ಜನ್ನು ಅರ್ಧ ಭಾಗದ ಮೇಲೆ ಮಾತ್ರ ಸುರಿದಳು, ಉಳಿದರ್ಧ ಗರಿಗರಿಯಾಗಿಯೇ ಇರಲೆಂದು. ಅವನನ್ನು ಒಂದು ಮಾತೂ ಕೇಳಲಿಲ್ಲ. ಅವನೂ ತಲೆ ಎತ್ತದೆ ತಿನ್ನತೊಡಗಿದ.

ವಾಲ್ಬೋರ್ಗ್ ಹೂಜಿ ಹಿಡಿದು ನನ್ನ ಹಿಂದೆಯೇ ನಿಂತಿದ್ದಳು. ಎಲ್ಲವನ್ನೂ ನೋಡಿದ್ದಳು.

ಸತ್ತವರ ಮನೆಯಲ್ಲೂ ತಮಾಷೆ ಮಾಡುವ ಕ್ರೆಸ್ಟೆನ್ ತನ್ನ ಆಲೂಗೆಡ್ಡೆಯನ್ನೇ ನೋಡುತ್ತ ಕುಳಿತ. ಗಂಡಸರಿಗೆಲ್ಲ ಗೊತ್ತಿತ್ತು, ಅರ್ಧ ಹೆಂಗಸರಿಗೂ ಗೊತ್ತಿತ್ತು. ಹೊರಗಿನಿಂದ ಬಂದು ನೆಲೆಸಿದ ನನಗೆ ಮತ್ತು ಕಟ್ಟಿಕೊಂಡವಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಮನೆಗೆ ಹೋಗುವ ದಾರಿ ಒಂದೇ. ನಾನು ಜೊತೆಯಲ್ಲಿರುವುದನ್ನು ಅವರಿಬ್ಬರೂ ಮರೆತಿದ್ದರು.

"ಹೊಟ್ಟೆ ನೋಯ್ತಿದೆಯಾ?" ಎಂದು ವಾಲ್ಬೋರ್ಗ್ ಕೇಳಿದಳು.

"ಇಲ್ಲ."

"ಯಾವತ್ತಾದ್ರೂ ನೋಯ್ತಿತ್ತಾ?"

"ಹೊಸದರಲ್ಲಿ ನಿಮ್ಮಮ್ಮ ಹಂಗಿಸಿದ್ಳಲ್ಲ, ಇಂಥ ಊಟ ನಿಮ್ಮ ಮನೇಲಿ ಕಂಡಿದ್ಯೇನೋ ಅಂತ. ಸಿಟ್ಟಲ್ಲಿ ನನಗೆ ಹುಳಿ ಆಗಲ್ಲ ಅಂದ್ಬಿಟ್ಟೆ. ನೀನು ನಂಬಿದೆ. ಆಮೇಲೆ ಹೇಗೆ ಬಾಯಿಬಿಡೋದು?"

"ತೂರಾ ಹತ್ರ ಬಾಯಿಬಿಟ್ಯಲ್ಲ."

"ಅವಳ ಹತ್ರ ನಾನು ಸುಳ್ಳೇ ಹೇಳಿರಲಿಲ್ಲ."

ಎಂಥ ಉತ್ತರ ನೋಡಿ! ಉಂಡ ಮನೆಗೆ ಎರಡು ಬಗೆದದ್ದಲ್ಲದೆ, ಅದನ್ನೇ ಪ್ರಾಮಾಣಿಕತೆ ಎಂಬಂತೆ ಹೇಳುತ್ತಾನೆ. ವಾಲ್ಬೋರ್ಗ್ ಅಳಲಿಲ್ಲ. ಹೂಜಿಯಲ್ಲಿದ್ದ ಬಿಳಿ ಗೊಜ್ಜನ್ನು ರಸ್ತೆ ಬದಿಯ ಚರಂಡಿಗೆ ಸುರಿದು ಮುಂದೆ ನಡೆದಳು.

ಅವರ ಮದುವೆಗೆ ಇಪ್ಪತ್ತೈದು ವರ್ಷ ತುಂಬಲು ಎರಡೇ ವಾರವಿತ್ತು. ನಮ್ಮಲ್ಲಿ ಬೆಳ್ಳಿಮದುವೆಯೆಂದರೆ ನೆರೆಹೊರೆಯವರೇ ದೇವದಾರಿನ ಸೊಪ್ಪು ತಂದು ದಂಪತಿಗಳ ಬಾಗಿಲಿಗೆ ಕಮಾನು ಕಟ್ಟಬೇಕು. ಕಟ್ಟಿದ ಕಮಾನಿನ ಕೆಳಗೆ ಗಂಡ ಹೆಂಡತಿ ಕೈ ಹಿಡಿದು ನಿಂತರೆ ಊರಿನ ಲೆಕ್ಕದಲ್ಲಿ ಎಲ್ಲವೂ ಸರಿಯಿದೆ ಎಂದರ್ಥ. ಅವಳು ನಿಲ್ಲುತ್ತಾಳೋ ಇಲ್ಲವೋ ಎಂಬುದೇ ಎಲ್ಲರಿಗೂ ಚಿಂತೆ. ಬಾಯಿ ಮುಚ್ಚಿಕೊಂಡಿದ್ದವರೆಲ್ಲ ಈಗ ಅವಳಿಗೆ ಬುದ್ಧಿ ಹೇಳಲು ಬಂದರು.

ಬೆಳ್ಳಿಮದುವೆಯ ಹಿಂದಿನ ದಿನ ಕ್ರೆಸ್ಟೆನ್ ಮತ್ತಿತರರು ಟ್ರ್ಯಾಕ್ಟರಿನಲ್ಲಿ ಸೊಪ್ಪು ಹೇರಿಕೊಂಡು ಬಂದರು. ಹೋಲ್ಗರ್ ಅಂಗಳದಲ್ಲೇ ಇದ್ದ. ವಾಲ್ಬೋರ್ಗ್ ಹೊಸ್ತಿಲಿಗೆ ಬಂದು ನಿಂತಳು.

"ಬಾಗಿಲು ತಪ್ಪಿ ಬಂದಿದ್ದೀರಿ," ಎಂದಳು. "ಅವನು ಉಣ್ಣೋ ಮನೆ ಚರ್ಚಿನ ಹಿಂದಿದೆ. ದಾರಿ ನಿಮಗೆಲ್ಲ ಗೊತ್ತಿರೋದೇ. ಅಲ್ಲಿ ಕಟ್ಟಿ."

"ವಾಲ್ಬೋರ್ಗ್, ಮಾನ ಹೋಗುತ್ತೆ ಕಣವ್ವ," ಅಂದ ಕ್ರೆಸ್ಟೆನ್.

"ಯಾರದ್ದು?"

ಟ್ರ್ಯಾಕ್ಟರ್ ತಿರುಗಿತು. ಸಂಜೆಯೊಳಗೆ ಹೋಲ್ಗರನೂ ಒಂದು ಪೆಟ್ಟಿಗೆ ಹಿಡಿದು ಹೊರಟುಹೋದ. ಆ ಮನೆಗೆ ಅವನು ಮತ್ತೆ ಬರಲಿಲ್ಲ.

ಬೆಳ್ಳಿಮದುವೆಯ ದಿನ ಮಧ್ಯಾಹ್ನ ವಾಲ್ಬೋರ್ಗ್ ನನ್ನನ್ನು ಊಟಕ್ಕೆ ಕರೆದಳು. ಎರಡು ಚಾಪ್ಸ್ ಹುರಿದಿದ್ದಳು, ಅಮ್ಮನ ಗೊಜ್ಜು ಮಾಡಿದ್ದಳು. ಮನೆಯೆಲ್ಲ ಘಮಘಮ. ನಾನು ಒಂದು ತುತ್ತು ಬಾಯಿಗಿಟ್ಟೆ. ಊರಿನವರು ಸುಮ್ಮನೆ ಹೊಗಳುತ್ತಿರಲಿಲ್ಲ. ಅವಳೂ ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ಆಮೇಲೆ ಫೋರ್ಕನ್ನು ಕೆಳಗಿಟ್ಟಳು.

"ಹುಳಿ ಜಾಸ್ತಿ ಆಯ್ತಾ?"

"ಇಲ್ವಲ್ಲೇ, ಚೆನ್ನಾಗೇ ಇದೆ."

"ನನಗೆ ಸೇರ್ತಾ ಇಲ್ಲ ಕಣೇ," ಅಂದಳು. ಅಷ್ಟು ದಿನ ಅಳದಿದ್ದವಳು ಆಗ ಅತ್ತಳು. "ಆ ಬಿಳೀದೇ ಬೇಕು ಅನ್ನಿಸ್ತಾ ಇದೆ."