ಒತ್ತುವ ಪೆಟ್ಟಿಗೆ, ಒತ್ತು ಕೊಡುವ ಬೆರಳು

ತಂಡದವರು ಅವಳನ್ನು ಮಂದ್ರ ಅಂತ ಕರೆಯುತ್ತಿದ್ದರು. ಅವಳು ನುಡಿಸುತ್ತಿದ್ದದ್ದು ಬೇಸ್ ಗಿಟಾರ್. ಹಾಡಿನ ತಳದಲ್ಲಿ ದಪ್ಪ ದನಿಯಲ್ಲಿ ಗುಮ್ಮೆನ್ನುವ ವಾದ್ಯ ಅದು. ಇದ್ದಾಗ ಯಾರೂ ಗಮನಿಸುವುದಿಲ್ಲ, ಇಲ್ಲದಾಗ ಏನೋ ಸಪ್ಪೆ ಅಂತ ಎಲ್ಲರೂ ಮುಖ ಸಿಂಡರಿಸುತ್ತಾರೆ. ಥೇಟ್ ಉಪ್ಪಿನ ಹಾಗೆ. ಹದಿಹರೆಯದಲ್ಲಿ ಅದನ್ನು ಆರಿಸಿಕೊಳ್ಳಲು ದೊಡ್ಡ ಕಾರಣವೇನೂ ಇರಲಿಲ್ಲ. ನಾಲ್ಕೇ ತಂತಿ, ಬೇಗ ಕಲಿತುಬಿಡಬಹುದು ಅಂದುಕೊಂಡಿದ್ದಳು. ಕಲಿಯುವುದು ಇನ್ನೂ ಮುಗಿದಿಲ್ಲ.

ಪ್ರತಿ ಶನಿವಾರ ಸಂಜೆ ಹೋಟೆಲೊಂದರ ಊಟದ ಹಾಲಿನಲ್ಲಿ ತಂಡದ ಹಾಡು. ಬಸುರಿಯಾದಾಗಲೂ ಅವಳು ಬಿಡಲಿಲ್ಲ. ಹೊಟ್ಟೆಯ ಮೇಲೆ ಗಿಟಾರ್ ಕೂರುವುದೇ ಇಲ್ಲ ಅನ್ನುವ ಹೊತ್ತಿಗಷ್ಟೇ ರಜೆ ಹಾಕಿದಳು. ಆಮೇಲಿನ ತಿಂಗಳುಗಳಲ್ಲಿ ಕೀಬೋರ್ಡಿನವನು ತನ್ನ ಎಡಗೈಯಲ್ಲೇ ಬೇಸಿನ ಸ್ವರಗಳನ್ನೂ ಒತ್ತಿ ಕೆಲಸ ಸಾಗಿಸಿದ್ದ.

ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ಅವಳು ಮತ್ತೆ ಅಭ್ಯಾಸಕ್ಕೆ ಹೋದಳು. ಅಭ್ಯಾಸದ ಜಾಗ ಹೋಟೆಲಿನ ಹಿಂದಿನ ಕೋಣೆ. ಮುರುಕು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ಉಳಿದಷ್ಟು ಜಾಗ. ಎರಡು ಹಾಡು ಮುಗಿಯುವಷ್ಟರಲ್ಲಿ ಡ್ರಮ್ ಬಾರಿಸುವ ಅಣ್ಣ ಕೋಲು ಕೆಳಗಿಟ್ಟ.

“ಮಂದ್ರಾ, ನಿನ್ನ ಒಂದು ಸ್ವರ ಬಾಗಿಲು ಒದ್ದುಕೊಂಡು ಬರ್ತದೆ, ಇನ್ನೊಂದು ಬೆಕ್ಕಿನ ಹಾಗೆ ನುಸುಳ್ಕೊಂಡು ಹೋಗ್ತದೆ. ಏನಾಯ್ತು ಕೈಗೆ?”

ಏನಾಗಿದೆ ಅಂತ ಅವಳಿಗೆ ಗೊತ್ತಿತ್ತು. ಇಷ್ಟು ದಿನ ಅವಳು ನುಡಿಸಿದ್ದೆಲ್ಲ ತೊಟ್ಟಿಲ ಪಕ್ಕದಲ್ಲಿ. ತಂತಿ ಮುಟ್ಟುವಾಗಲೆಲ್ಲ ಒಂದು ಕಣ್ಣು ಮಗುವಿನ ರೆಪ್ಪೆಯ ಮೇಲೆ. ಬೆರಳುಗಳು ಕಳ್ಳಹೆಜ್ಜೆ ಕಲಿತುಬಿಟ್ಟಿದ್ದವು. ಈಗ ಗಟ್ಟಿಯಾಗಿ ಮೀಟಲು ಹೋದರೆ ಅತಿಯಾಗುತ್ತಿತ್ತು, ಸುಮ್ಮನೆ ಬಿಟ್ಟರೆ ಕೇಳಿಸುತ್ತಲೇ ಇರಲಿಲ್ಲ.

ತಂಡದ ಹಿರಿಯಳು ಹಾಡುವ ಅಕ್ಕ. ಅವಳು ಗದರಲಿಲ್ಲ, ಗದರಿದ್ದರೇ ಚೆನ್ನಾಗಿತ್ತು. “ಮುಂದಿನ ಶನಿವಾರ ನುಡಿಸು, ನೋಡೋಣ. ಆಗದಿದ್ರೆ ಮಗು ಸ್ವಲ್ಪ ದೊಡ್ಡದಾಗ್ಲಿ. ಅಲ್ಲೀತನಕ ಇವನ ಎಡಗೈ ಹೇಗೂ ಇದೆ” ಅಂದಳು. ಮಗು ದೊಡ್ಡದಾಗಲಿ ಅಂದರೆ ಯಾವಾಗ ಅಂತ ಯಾರೂ ಹೇಳುವುದಿಲ್ಲ. ಹಾಗೆ ನಿಂತ ಕೈಗಳು ನಿಂತೇಹೋದದ್ದನ್ನು ಮಂದ್ರ ನೋಡಿದ್ದಳು.

ಹೊರಡುವಾಗ ಡ್ರಮ್ಮಿನ ಅಣ್ಣ ಮೆಲ್ಲಗೆ ಹೇಳಿದ: “ಒಂದು ಕಂಪ್ರೆಸರ್ ಪೆಡಲ್ ಹಾಕ್ಕೊ. ಗಟ್ಟಿ ಸ್ವರಾನ ಅದುಮುತ್ತದೆ, ಮೆಲು ಸ್ವರಾನ ಎತ್ತುತ್ತದೆ. ಎಲ್ಲಾ ಒಂದೇ ಸಮ. ಬೇಸಿನವರಿಗೆ ಅದಿಲ್ದೆ ಆಗೋದೇ ಇಲ್ಲ ಅಂತಾರೆ ಎಷ್ಟೋ ಜನ.”

“ಮತ್ತೆ ಉಳಿದವರು?”

“ಉಳಿದವರು, ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ ಅಂತಾರೆ.”

ದಾರಿಯುದ್ದಕ್ಕೂ ಆ ಗಾದೆ ಅವಳ ಕಾಲಿಗೆ ತೊಡರಿತು. ಮನೆ ಹತ್ತಿರ ಬಂದಂತೆ ಎದೆ ಹಾಲಿಗೆ ಭಾರವಾಗತೊಡಗಿತು, ಯೋಚನೆಯೂ ನೇರವಾಯಿತು: ನೆಲ ಡೊಂಕೋ ಕಾಲು ಡೊಂಕೋ, ಮೊದಲು ಪೆಟ್ಟಿಗೆ ಸಿಗಲಿ. ಗಂಡನ ಫೋನಿಗೆ ಬರೆದಳು: ಒಂದು ಕಂಪ್ರೆಸರ್ ಬೇಕಿತ್ತು, ಹಳೆಯದಾದರೂ ಸರಿ.

ಅವಳ ಗಂಡ ಫ್ರಿಜ್ ರಿಪೇರಿಯವನು. ಸಂಜೆ ಎರಡೂ ಕೈಯಲ್ಲಿ ಹೊತ್ತು ತಂದು ಅಡುಗೆಮನೆಯ ನೆಲದ ಮೇಲೆ ಧೊಪ್ಪನೆ ಇಳಿಸಿದ: ಕಪ್ಪು ಕಬ್ಬಿಣದ ಗುಂಡು, ಅದರಿಂದ ಹೊರಟ ಎರಡು ತಾಮ್ರದ ಕೊಳವೆ.

“ಹಳೇ ಕಂಪ್ರೆಸರ್, ಆದ್ರೆ ಗಟ್ಟಿಮುಟ್ಟಾಗಿದೆ. ನಮ್ಮ ಫ್ರಿಜ್ ಚೆನ್ನಾಗೇ ಇತ್ತಲ್ಲ, ಏನಾಯ್ತು?”

ಮಂದ್ರ ಗಂಡನ ಮುಖ ನೋಡಿದಳು, ಗುಂಡು ನೋಡಿದಳು, ನಗು ತಡೆಯಲಾಗದೆ ಅಲ್ಲೇ ಕುಕ್ಕರಿಸಿದಳು. ವಿಷಯ ತಿಳಿದ ಮೇಲೆ ಅತ್ತೆ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತ, “ಬಿಡೇ, ಇದನ್ನೇ ಕಟ್ಕೊಂಡು ಹೋಗು. ಹಾಡು ಕೆಟ್ರೂ ಕೆಡದ ಹಾಗೆ ತಣ್ಣಗಿಡ್ತದೆ” ಅಂದರು.

ಗಂಡನಿಗೆ ಮಾತ್ರ ಕುತೂಹಲ. “ನಿಮ್ಮದೂ ಒತ್ತೋದೇನಾ?”

“ಹೂಂ. ಸ್ವರಾನ ಒತ್ತಿ ಒಂದೇ ಮಟ್ಟಕ್ಕೆ ತರ್ತದಂತೆ.”

“ಬರೀ ಒತ್ತಿದ್ರೆ ಬಿಸಿಯಾಗ್ತದೆ ಅಷ್ಟೆ. ಒತ್ತಿದ್ದನ್ನ ಬಿಡೋ ಜಾಗ ಒಂದಿರ್ಬೇಕು. ತಂಪಾಗೋದು ಅಲ್ಲಿ” ಅಂದ ಅವನು, ಕೈಗೆ ಮೆತ್ತಿದ ಎಣ್ಣೆ ಒರೆಸಿಕೊಳ್ಳುತ್ತ. ಅವನು ಫ್ರಿಜ್ಜಿನ ಮಾತೇ ಆಡುತ್ತಿದ್ದ. ಅವಳೂ ಹಾಗೆಂದೇ ಕೇಳಿಸಿಕೊಂಡಳು.

ಪೆಡಲ್ ಕೊನೆಗೆ ಡ್ರಮ್ಮಿನ ಅಣ್ಣನ ಗೆಳೆಯನಿಂದ ಎರವಲು ಸಿಕ್ಕಿತು. ಅಂಗೈಯಗಲದ ನೀಲಿ ಪೆಟ್ಟಿಗೆ, ಮೂರು ತಿರುಪು, ಕಾಲಲ್ಲಿ ಒತ್ತಲು ಒಂದು ಗುಂಡಿ. ಶನಿವಾರಕ್ಕೆ ಮುಂಚಿನ ಕೊನೆಯ ಅಭ್ಯಾಸ. ವೇಗದ ಹಾಡುಗಳಲ್ಲಿ ಅದು ಚಿನ್ನದಂಥ ಕೆಲಸ ಮಾಡಿತು. ಒಂದೊಂದು ಸ್ವರವೂ ಇಸ್ತ್ರಿ ಹಾಕಿ ಮಡಿಸಿಟ್ಟ ಬಟ್ಟೆಯ ಹಾಗೆ ಸಾಲಾಗಿ ಕೂತಿತು. ಡ್ರಮ್ಮಿನ ಅಣ್ಣ ಹುಬ್ಬು ಹಾರಿಸಿದ. ಮಂದ್ರಳಿಗೆ ಹೋದ ಜೀವ ಬಂದ ಹಾಗಾಯಿತು.

ಆಮೇಲೆ ನಿಧಾನದ ಹಾಡು ಹಿಡಿದರು. ಅದು ಬೇಸಿನಿಂದಲೇ ಶುರು; ಮಂದ್ರ ಒಂದು ಸುತ್ತು ನುಡಿಸಿದ ಮೇಲೆ ಅಕ್ಕ ಹಾಡು ಎತ್ತಬೇಕು. ಅಕ್ಕ ಒಂದು ಸ್ವರ ತಡವಾಗಿ ಎತ್ತಿದಳು. ನಿಲ್ಲಿಸಿ ಮತ್ತೆ ಶುರು ಮಾಡಿದರು. ಮತ್ತೂ ತಡವಾಯಿತು. ಅಕ್ಕ ಎಂದೂ ತಪ್ಪುವವಳಲ್ಲ.

“ನನ್ನ ತಪ್ಪೇ ಇರಬಹುದು. ಆದ್ರೆ ನಾನು ಎಣಿಸಿ ಹಾಡೋಳಲ್ಲ ಕಣೇ. ನಿನ್ನ ಮೊದಲನೇ ಪೆಟ್ಟು ಸ್ವಲ್ಪ ಭಾರ ಇರ್ತಿತ್ತು, ಅದು ಕೇಳಿದ್ರೆ ಉಸಿರು ತಾನಾಗಿ ಬರ್ತಿತ್ತು. ಇವತ್ತು ಎಲ್ಲಾ ಒಂದೇ ಸಮ. ಒತ್ತಕ್ಷರ ಬಿಟ್ಟು ಬರೆದದ್ದನ್ನ ಓದಿದ ಹಾಗಿದೆ. ಕತ್ತೆನೋ ಕತೆನೋ ಗೊತ್ತಾಗಲ್ಲ.”

ಎಲ್ಲರೂ ನಕ್ಕರು. ಮಂದ್ರ ಮಾತ್ರ ಬಗ್ಗಿ ನೀಲಿ ಪೆಟ್ಟಿಗೆ ನೋಡಿದಳು. ಪೆಟ್ಟಿಗೆ ಇಲ್ಲದಿದ್ದರೆ ಕೈ ಕೇಳುವುದಿಲ್ಲ, ಇದ್ದರೆ ಅಕ್ಕನಿಗೆ ದಾರಿ ಸಿಗುವುದಿಲ್ಲ.

ಮನೆಗೆ ಬಂದು ಮಗುವಿಗೆ ಹಾಲೂಡಿಸುತ್ತ ಅವಳು ಅದನ್ನೇ ಮೆಲುಕು ಹಾಕಿದಳು. ಒತ್ತುವುದು, ಒತ್ತು ಕೊಡುವುದು; ಮಾತು ಹೆಚ್ಚುಕಡಿಮೆ ಒಂದೇ, ಕೆಲಸ ಎರಡು. ಮೊದಲನೆಯದನ್ನು ಪೆಟ್ಟಿಗೆ ಮಾಡಬಲ್ಲದು. ಯಾವ ಸ್ವರಕ್ಕೆ ಒತ್ತು ಅನ್ನುವುದು ಬೆರಳಿಗೇ ಗೊತ್ತಿರಬೇಕು. ಗೊತ್ತಿಲ್ಲದೇನಲ್ಲ, ಬೆರಳಿಗೆ ಹೆದರಿಕೆ ಅಷ್ಟೆ. ತಂಪಾಗೋದು ಬಿಡೋ ಜಾಗದಲ್ಲಿ ಅಂತ ಗಂಡ ಅಂದದ್ದು ಆಗ ನೆನಪಾಯಿತು. ಇಷ್ಟು ದಿನ ಒತ್ತಿಟ್ಟ ಬೆರಳನ್ನೂ ಎಲ್ಲಾದರೂ ಬಿಡಬೇಕಿತ್ತು.

ಮಗಳು ಮಲಗಿದ ಮೇಲೆ ಗಿಟಾರ್ ಎತ್ತಿಕೊಂಡಳು. ಪೆಡಲ್ ಚೀಲದಲ್ಲೇ ಇತ್ತು. ಪುಟ್ಟ ಸ್ಪೀಕರಿನ ದನಿ ಏರಿಸಿ ಮೊದಲ ಪೆಟ್ಟನ್ನು ಬೇಕಾದಷ್ಟೇ ಭಾರವಾಗಿ ಮೀಟಿದಳು. ಕಿಟಕಿ ಗಾಜು ಗುಂಯ್ ಅಂದಿತು. ಮಗಳು ಎದ್ದು ಕಿಟಾರನೆ ಚೀರಿದಳು. ಮಂದ್ರ ಗಿಟಾರ್ ಕೆಳಗಿಡಲು ಹೋದರೆ ಅತ್ತೆ ಆಗಲೇ ತೊಟ್ಟಿಲಿಗೆ ಬಾಗಿದ್ದರು.

“ಕೂತ್ಕೊ. ಅಳೋದು ಅವಳ ಕೆಲಸ, ನುಡಿಸೋದು ನಿನ್ನ ಕೆಲಸ. ಸಮಾಧಾನ ಮಾಡೋದು ನಂದು. ನನ್ನ ಕೆಲಸಕ್ಕೆ ನೀನು ಕೈ ಹಾಕ್ಬೇಡ.”

ಅಳು ಕೋಣೆಯಿಂದ ಹಜಾರಕ್ಕೆ, ಅಲ್ಲಿಂದ ಮೆಟ್ಟಿಲಿಗೆ ಸರಿಯುತ್ತ ಹೋಯಿತು. ಮಂದ್ರ ಕೈ ನಿಲ್ಲಿಸಲಿಲ್ಲ. ಭಾರ, ಹಗುರ, ಹಗುರ, ಹಗುರ. ಶನಿವಾರದ ತನಕ ದಿನವೂ ಹೀಗೇ ನಡೆಯಿತು. ಮಗಳಿಗೆ ಆ ಸದ್ದು ಅಭ್ಯಾಸವಾಯಿತು ಅಂತ ಹೇಳಿದರೆ ಸುಳ್ಳಾದೀತು; ಅವಳು ದಿನವೂ ಅತ್ತಳು. ಅಭ್ಯಾಸವಾದದ್ದು ತಾಯಿಗೆ.

ಶನಿವಾರ ಹೋಟೆಲಿನ ಹಾಲ್ ಜನರಿಂದ ತುಂಬಿತ್ತು. ತಟ್ಟೆ ಚಮಚಗಳ ಸದ್ದಿನ ನಡುವೆ ವೇಗದ ಹಾಡುಗಳಿಗೆ ಪೆಡಲ್ ಇಟ್ಟುಕೊಂಡಳು. ಆ ಗದ್ದಲದಲ್ಲಿ ಅದರ ಸಹಾಯ ಬೇಡ ಅನ್ನುವಷ್ಟು ಜಂಬ ಅವಳಿಗಿರಲಿಲ್ಲ. ನಿಧಾನದ ಹಾಡು ಬಂತು. ಮಂದ್ರ ಬಗ್ಗಿ ನೋಡದೆ ಪಾದದಿಂದಲೇ ಗುಂಡಿ ಒತ್ತಿ ಪೆಡಲ್ ಆಫ್ ಮಾಡಿದಳು. ಮೊದಲ ಪೆಟ್ಟು ಭಾರವಾಗಿ ಬಿತ್ತು, ಉಳಿದವು ಅದರ ಬೆನ್ನಿಗೆ ಹಗುರಾಗಿ ನಡೆದವು. ಸುತ್ತು ಮುಗಿದು ಆ ಭಾರ ಮತ್ತೆ ಬಂದಾಗ ಅಕ್ಕ ಉಸಿರೆಳೆದುಕೊಂಡದ್ದು ಅವಳಿಗೆ ಕೇಳಿಸಿತು. ಹಾಡು ತನ್ನ ಜಾಗದಲ್ಲಿ ಎದ್ದಿತು.

ಹಾಡೆಲ್ಲ ಮುಗಿದು ವೈರುಗಳನ್ನು ಸುತ್ತಿಡುವಾಗ ಡ್ರಮ್ಮಿನ ಅಣ್ಣ ಕೇಳಿದ: “ಕೊನೆಗೆ ಏನು ತೀರ್ಮಾನ? ಬೇಸಿನವರಿಗೆ ಅದು ಬೇಕೋ ಬೇಡ್ವೋ?”

“ಹಾಡನ್ನ ಕೇಳಿ ಹೇಳ್ತೀನಿ” ಅಂದಳು ಮಂದ್ರ. “ನಿನ್ನ ಗೆಳೆಯನಿಗೆ ಹೇಳು, ಪೆಟ್ಟಿಗೆ ಇನ್ನೂ ಸ್ವಲ್ಪ ದಿನ ನನ್ನ ಹತ್ರ ಇರ್ಲಿ.”

ಅಕ್ಕ ಮೈಕಿನ ಸ್ಟ್ಯಾಂಡ್ ಮಡಿಸುತ್ತ ಕೀಬೋರ್ಡಿನವನ ಕಡೆ ತಿರುಗಿದಳು. “ನಿನ್ನ ಎಡಗೈಗೆ ಇವತ್ತಿಂದ ಬಿಡುವು.”

“ಅಷ್ಟು ದಿನ ದುಡಿದದ್ದಕ್ಕೆ ಏನೂ ಇಲ್ವಾ ಅಕ್ಕಾ?”

“ಇದೆಯಲ್ಲ. ನಾವು ಕೂತ ಕುರ್ಚಿಗಳನ್ನ ಹಿಂದಿನ ಕೋಣೆಗೆ ಒಯ್ಯೋಕೆ ಎರಡೂ ಕೈ ಬೇಕು.”