ಹತ್ತನೆಯವರು ಬರುವ ತನಕ

ನನ್ನ ಅಕ್ಕ ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ನರ್ಸು. ಮಕ್ಕಳ ಬಾಯಲ್ಲಿ ಅವಳು ಸೂಜಿಯಮ್ಮ. ಚುಚ್ಚಿದ್ದೇ ಗೊತ್ತಾಗದಂಥ ಕೈ, ಚುಚ್ಚಿದರೆ ವಾರವಾದರೂ ಮರೆಯದಂಥ ಬಾಯಿ.

ರೋಗ ಹಬ್ಬಿದ ವರ್ಷ ಸರ್ಕಾರ ಲಸಿಕೆ ಹಂಚಿದ ಚೆಂದ ಕೇಳಿ. ಒಂದು ಸೀಸೆಯಲ್ಲಿ ಹತ್ತು ಜನರಿಗಾಗುವಷ್ಟು ಮದ್ದು. ತೆರೆದರೆ ಅಂದೇ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಸಾಕಷ್ಟು ಸೀಸೆ ತರಿಸುವ ಯೋಗ್ಯತೆಯಿಲ್ಲದ ಮಂತ್ರಿಗಳು ಹನಿ ಉಳಿಸಿ ಹೆಸರು ಮಾಡಲು ಹೊರಟರು. ಹತ್ತು ಜನ ಸೇರುವ ತನಕ ಸೀಸೆ ತೆರೆಯಕೂಡದು, ಅವರೂ ಫೋನಿನಲ್ಲಿ ಸರದಿ ಪಡೆದವರೇ ಆಗಿರಬೇಕು ಎಂದು ಆಜ್ಞೆಯಾಯಿತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಟೈಲರ್ ಮಾಮ ನಮ್ಮ ಪಕ್ಕದ ಮನೆಯವರು. ಅಕ್ಕನ ಬಿಳಿ ಕೋಟುಗಳನ್ನೆಲ್ಲ ಹೊಲಿದವರು ಅವರೇ. ಮೊದಲೇ ಉಬ್ಬಸದ ಎದೆ. ಯಾರ್ಯಾರನ್ನೋ ಕಾಡಿ ಬೇಡಿ ಸರದಿ ಪಡೆದು, ಒಗೆದ ಅಂಗಿ ತೊಟ್ಟು ಬಂದು ಬೆಂಚಿನ ಮೇಲೆ ಕೂತರು. ಅಂದು ಬಂದದ್ದು ಒಂಬತ್ತೇ ಜನ. ಎದುರಿನ ಗ್ಯಾರೇಜಿನವನು ಹತ್ತನೆಯವನಾಗಿ ತಾನು ಬರುತ್ತೇನೆಂದ. ಸರದಿ ಇಲ್ಲದವನನ್ನು ಕಂಪ್ಯೂಟರು ಒಪ್ಪಲಿಲ್ಲ. ಅಕ್ಕ ಮೇಲಧಿಕಾರಿಗೆ ಫೋನು ಮಾಡಿ ಅಂಗಲಾಚಿದಳು. ಒಂದು ಡೋಸು ಹಾಳಾದರೂ ನಿನ್ನ ಕೆಲಸ ಹೋಯಿತೆಂದು ತಿಳಿ ಎಂದನಂತೆ. ಸಂಜೆ ಎಲ್ಲರನ್ನೂ ವಾಪಸು ಕಳಿಸಿದಳು.

"ನಾಳೆ ಬರ್ತೀನಿ ಬಿಡಮ್ಮ. ನೀನೇನ್ ಮಾಡ್ತೀಯ, ಪಾಪ," ಎಂದು ಮಾಮನೇ ಅವಳಿಗೆ ಸಮಾಧಾನ ಹೇಳಿದರು.

ಮರುದಿನ ಆ ಸೀಸೆಯನ್ನೂ ಬೇರೆಡೆಗೆ ಒಯ್ದರು. ದಾಸ್ತಾನು ಇಲ್ಲ ಎಂಬ ಬೋರ್ಡು ಬಿತ್ತು. ಬೋರ್ಡು ತೆಗೆಯುವಷ್ಟರಲ್ಲಿ ಮಾಮನಿಗೆ ರೋಗ ತಗುಲಿ, ಹೆಂಡತಿಗೆ ಮುಖವನ್ನೂ ತೋರಿಸದೆ ಹೋಗಿಬಿಟ್ಟರು. ಅಕ್ಕನ ಹೊಸ ಕೋಟು ಒಂದೇ ತೋಳು ಹಚ್ಚಿಸಿಕೊಂಡು ಅವರ ಮೆಷೀನಿನ ಮೇಲೇ ಉಳಿಯಿತು.

ಆಮೇಲೆ ಬಂತು ನೋಡಿ ಬಹುಮಾನ. ಒಂದು ಹನಿಯನ್ನೂ ಹಾಳು ಮಾಡದ ಕೇಂದ್ರವೆಂದು ಫಲಕ, ಅದರ ತುಂಬ ಮಂತ್ರಿಯ ನಗುಮುಖ. ಮೂರೂ ಬಿಟ್ಟವರು ಊರಿಗೆ ದೊಡ್ಡವರು. ಅದನ್ನು ಕಂಡಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಫಲಕಕ್ಕೆ ಮೊಳೆ ಹೊಡೆಸಲು ಆ ಮೇಲಧಿಕಾರಿಯೇ ಬಂದಿದ್ದ. ಹೊಸ ಸೀಸೆಗಳು ಬಂದಿದ್ದವು, ಆದರೆ ಇಲ್ಲ ಇಲ್ಲ ಎಂದು ಕೇಳಿ ಬೇಸತ್ತ ಜನ ಬರುವುದನ್ನೇ ಬಿಟ್ಟಿದ್ದರು. ಸರದಿ ಹಿಡಿದು ಬಂದದ್ದು ಮಾಮನ ಹೆಂಡತಿ ಒಬ್ಬರೇ. ಖಾಲಿ ಬೆಂಚು ನೋಡಿ, ಉಳಿದವರು ಬರುವ ತನಕ ಹೊರಗೆ ಕಾಯುತ್ತೇನೆಂದು ಅವರು ತಿರುಗಿ ಹೊರಟರು.

ಅಕ್ಕ ಅವರ ಕೈ ಹಿಡಿದು ತಂದು ಕೂರಿಸಿದಳು. ಪೆಟ್ಟಿಗೆಯಿಂದ ಸೀಸೆ ತೆಗೆದು ಮುಚ್ಚಳ ಕಿತ್ತಳು.

"ಎಷ್ಟು ಜನ ಇದಾರಮ್ಮ?" ಎಂದ ಅಧಿಕಾರಿ.

ಅಕ್ಕ ಸೂಜಿಗೆ ಮದ್ದು ಎಳೆದುಕೊಂಡಳು.

"ತೋಳು ಕೊಡಿ ಅತ್ತೆ," ಎಂದಳು. "ಇವತ್ತು ನೀವೊಬ್ರೇ ಹತ್ತು ಜನ."