ಕಪ್ಪು ಕಾಲಿನ ಬಿಳಿ ಸೀಗಲ್

ಮೊನ್ನೆ ಕಾರು ವ್ಯಾಕ್ಯೂಮ್ ಮಾಡುವಾಗ ಪಕ್ಕದ ಸೀಟಿನ ಸಂದಿಯಲ್ಲಿ ನಾಲ್ಕಾರು ಕಾಳು ಕರಿ ಎಳ್ಳು ಸಿಕ್ಕಿತು. ಕೆಳಗಿನ ಮನೆಯ ಅಂಕಲ್ ಮಡಿಲಲ್ಲಿ ಸ್ಟೀಲ್ ಡಬ್ಬಿ ಇಟ್ಟುಕೊಂಡು ಕೂತಿದ್ದ ಸೀಟು ಅದು...

ಉಡುಪಿ ಕಡೆಯವರು. ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಹೋಟೆಲು ನಡೆಸಿ ಸಾಕಾಗಿ, ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿದ್ದರು. ಅವರ ಹೆಂಡತಿ, ಆಂಟಿಯ ಮೊದಲ ವರ್ಷದ ಶ್ರಾದ್ಧದ ದಿನ ಪ್ಯಾಟಿಯೋದಲ್ಲಿ ಇಟ್ಟ ಪಿಂಡವನ್ನು ಅಳಿಲು ಹೊತ್ತುಕೊಂಡು ಹೋಯಿತು. ಪಾರ್ಕಿಂಗ್ ಲಾಟಿನ ಕಾಗೆಗಳು ಮರದಿಂದ ಇಳಿಯಲೇ ಇಲ್ಲ. ಅವಳಿಗೆ ನನ್ನ ಮೇಲೆ ಏನೋ ಸಿಟ್ಟಿದೆ ಎಂದರು ಅಂಕಲ್. ಕಾಗೆ ಮುಟ್ಟುವವರೆಗೆ ಊಟ ಬೇಡ ಎಂದು ಹಟ ಹಿಡಿದರು. ಸಕ್ಕರೆ ಕಾಯಿಲೆಯ ಮನುಷ್ಯ. ನನಗೆ ಒಳಗೊಳಗೇ ದಿಗಿಲು. ಚಳಿಗಾಲದಲ್ಲಿ ಹಕ್ಕಿ ನೋಡಲು ಕಡಲಿಗೆ ಅಲೆಯುವ ನನ್ನ ಹುಚ್ಚು ಅವರಿಗೆ ಗೊತ್ತಿತ್ತು. ಅಲ್ಲಾದರೂ ಕಾಗೆ ಸಿಕ್ಕೀತು, ಕರೆದುಕೊಂಡು ಹೋಗು ಎಂದರು.

ದಂಡೆಯಲ್ಲಿ ಒಂದು ಕಾಗೆಯೂ ಇರಲಿಲ್ಲ. ಡಬ್ಬಿಯಿಂದ ತೆಗೆದಿಟ್ಟ ಎಳ್ಳು ಕಲಸಿದ ಅನ್ನ ಕಂಡು ಮುತ್ತಿದ ಸೀಗಲ್ ಹಕ್ಕಿಗಳನ್ನು ಅಂಕಲ್ ಕೊಡೆ ಬೀಸಿ ಓಡಿಸಿದರು. ನಾನು ಗಡಿಯಾರ ನೋಡುತ್ತ ಶತಪಥ ಹಾಕುತ್ತಿದ್ದೆ. ಆಗ ಇನ್ನೊಂದು ಬಂದು ಇಳಿಯಿತು. ಪೂರ್ತಿ ಬಿಳಿ, ರೆಕ್ಕೆಯ ತುದಿಯಲ್ಲೂ ಕಪ್ಪಿಲ್ಲ. ಬಣ್ಣಗೆಟ್ಟ ಮಾಮೂಲಿ ಸೀಗಲ್ಲೇ? ಕಾಲಿನ ಬಣ್ಣ ತಿಳಿದರೆ ಸಾಕು. ದುರ್ಬೀನು ಕಣ್ಣಿಗೆ ಹಿಡಿದೆ. ಕಾಲು ಕಪ್ಪು... ಕೊಕ್ಕಿನ ತುದಿ ಹಳದಿ. ಈ ಕಡೆ ಕಾಣಸಿಗದ ಐವರಿ ಗಲ್! ಇತ್ತ ಅಂಕಲ್ ಕೊಡೆ ಎತ್ತಿಯಾಗಿತ್ತು.

“ಅಂಕಲ್, ಓಡಿಸ್ಬೇಡಿ, ಪ್ಲೀಸ್. ಅದು ನಾರ್ತ್ ಪೋಲ್ ಕಡೆಯಿಂದ ಬಂದಿರೋದು.”

“ಅಲ್ಲಿ ಏನು ತಿನ್ನುವುದು ಅದು?”

ಹಿಮಕರಡಿ ತಿಂದು ಬಿಟ್ಟ ಹೆಣ ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ. ಅಂಕಲ್ ಕೊಡೆ ಇಳಿಸಿದರು.

“ಹಾಗಾದ್ರೆ ಇದು ಕೂಡ ಕಾಗೆಯ ಕೆಲಸವೇ ಮಾಡುವುದು. ತಿನ್ನಲಿ.”

ತಿಂದಿತು. ಅಂಕಲ್ ಮರಳಿನ ಮೇಲೆ ಕೂತು ಅತ್ತರು. ಕಾರಿನಲ್ಲಿ ಇನ್ನೊಂದು ಡಬ್ಬಿ ತೆಗೆದು ವಡೆಯನ್ನು ನನಗೂ ಕೊಟ್ಟು, ತಾವೂ ತಿಂದರು. ನನಗೆ ಜೀವ ಬಂದಂತಾಯಿತು.

ಹೋದ ಚಳಿಗಾಲದಲ್ಲಿ ಅಂಕಲ್ ಹೋದರು. ಮೆಟುಚೆನ್‌ನ ಮಗಳು ಎಲ್ಲ ಕ್ರಮವಾಗಿ ಮಾಡಿದಳು. ನಾನು ಅವರಿಗೆ ಏನೂ ಆಗಬೇಕಿಲ್ಲ. ಆದರೂ ಆ ಎಳ್ಳನ್ನು ಕಸಕ್ಕೆ ಹಾಕಲು ಮನಸ್ಸು ಬರದೆ, ಅನ್ನಕ್ಕೆ ಕಲಸಿಕೊಂಡು ನಿನ್ನೆ ಅದೇ ದಂಡೆಗೆ ಹೋದೆ. ಇಟ್ಟು, ನಿಂತಲ್ಲಿ ನಿಲ್ಲಲಾಗದೆ ಅತ್ತಿಂದಿತ್ತ ಓಡಾಡಿದೆ. ಒಂದು ಸೀಗಲ್ ಬಂದು ತಿಂದಿತು. ದುರ್ಬೀನು ಕೊರಳಲ್ಲೇ ಇತ್ತು. ಕಾಲಿನ ಬಣ್ಣ ನೋಡಲಿಲ್ಲ.